ಪೆನ್ಸಿಲ್ ಸಾಲಿನ ಹದಿನೆಂಟು ದಿನ

ಕಳೆದ ತಿಂಗಳು ಚಿಕ್ಕೋಡಿಯಿಂದ ಊರಿಗೆ ಬರುವ ಬಸ್ಸಿನಲ್ಲಿ, ಮುಂದಿನ ಸೀಟಿನ ತರುಣನೊಬ್ಬ ಪ್ಯಾಂಟಿನ ಅಂಚು ಮಡಚಿ ಮೀನಖಂಡಕ್ಕೆ ನೋವಿನ ಮುಲಾಮು ತಿಕ್ಕಿಕೊಳ್ಳುತ್ತಿದ್ದ. ನೀಲಗಿರಿ ಎಣ್ಣೆ ಮತ್ತು ಕರ್ಪೂರ ಬೆರೆತ ಆ ಘಾಟು ಮೂಗಿಗೆ ಬಡಿದದ್ದೇ ನಾನು ಕಿಟಕಿಯ ಗಾಜು ಸರಿಸಿದೆ. ಹೊರಗೆ ಜಿನುಗುಮಳೆ. ತೋಳು ತೊಯ್ದರೂ ಗಾಜು ಹಾಕಲಿಲ್ಲ. ಮನೆ ಮುಟ್ಟಿದವಳೇ ಟ್ರಂಕು ತೆರೆದು ಆ ವರ್ಷದ ದಿನಚರಿ ತೆಗೆದೆ. ಜುಲೈ ಒಂದರಿಂದ ಅಕ್ಟೋಬರ್ ಮೂರರವರೆಗೆ ತೊಂಬತ್ತೈದು ದಿನ. ಅದರಲ್ಲಿ ಮಳೆ ಹಿಡಿದ ಮುಂಜಾವುಗಳು ಮೂವತ್ತೇಳು. ಶಾಯಿಯಲ್ಲಿ ಬರೆದ ಸಾಲುಗಳ ಪಕ್ಕ ಪೆನ್ಸಿಲ್ಲಿನಲ್ಲಿ ಬರೆದ ಸಾಲುಗಳು ಹದಿನೆಂಟು ದಿನದವು. ಪೆನ್ಸಿಲ್ ಇನ್ನೂ ಮಾಸಿಲ್ಲ.

ಆ ವರ್ಷ ನಾನು ಚಿಕ್ಕೋಡಿಯಲ್ಲಿ ಬಿ.ಎಸ್‌ಸಿ. ಮುಗಿಸಿ, ಬಿ.ಎಡ್. ಪಟ್ಟಿಯಲ್ಲಿ ಹೆಸರು ಬರುವುದನ್ನು ಕಾಯುತ್ತ ಶೇಡಬಾಳದ ಮನೆಯಲ್ಲಿದ್ದೆ. ನಮ್ಮ ಮನೆಯ ಹಿಂದೆ ಜಿನ್ನಪ್ಪ ಮಾಸ್ತರರ ಮೂರು ಎಕರೆ ಹೊಲ. ಮಾಸ್ತರರು ಹೈಸ್ಕೂಲಿನಲ್ಲಿ ಆಟದ ಮಾಸ್ತರರಾಗಿದ್ದು ನಿವೃತ್ತರಾದವರು. ಸುತ್ತೆಲ್ಲ ಆಳೆತ್ತರ ಕಬ್ಬು ನಿಂತಿದ್ದಾಗ ಅವರ ಹೊಲ ಮಾತ್ರ ಬೋಳಾಗಿತ್ತು. ಎರೆ ಮಣ್ಣಿನ ನಡುವೆ ಮೊಟ್ಟೆಯಾಕಾರದಲ್ಲಿ ಕೆಂಪು ಮುರುಮು, ಅಂದರೆ ಜಲ್ಲಿಮಣ್ಣು, ಹಾಕಿಸಿ, ಬೆಳಗಿನ ಆರು ಗಂಟೆಗೆ ಹನ್ನೊಂದು ಜನ ತರುಣರನ್ನು ಅದರ ಮೇಲೆ ಓಡಿಸುತ್ತಿದ್ದರು. ಎಲ್ಲರೂ ಪೊಲೀಸ್ ಭರ್ತಿಗೆ ಅರ್ಜಿ ಹಾಕಿದವರು. ಸಾವಿರದ ಆರುನೂರು ಮೀಟರನ್ನು, ಅಂದರೆ ಆ ಮುರುಮಿನ ಮೇಲೆ ನಾಲ್ಕು ಸುತ್ತನ್ನು, ಆರು ನಿಮಿಷ ಮೂವತ್ತು ಸೆಕೆಂಡಿನೊಳಗೆ ಮುಗಿಸಬೇಕಿತ್ತು. ಮಾಸ್ತರರು ಇದಕ್ಕೆ ಯಾರಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಊರಿಗೆ ಅನುಮಾನ ಹುಟ್ಟಲು ಅಷ್ಟು ಸಾಕಾಗಿತ್ತು.

"ಕೃಷ್ಣಾ ನೀರು ಹರಿಯೂ ಹೊಲಾನ ಯಾರರೆ ಬೀಳ ಬಿಡ್ತಾರೇನ?" ಎಂದಳು ಪಕ್ಕದ ಮನೆಯ ಚಂಪಾ ಕಾಕು, ನಮ್ಮ ಕಟ್ಟೆಯ ಮೇಲೆ ಕುಳಿತು. "ಮುರುಮು ಹಾಕ್ಸ್ಯಾನಂದ್ರ ಪ್ಲಾಟ್ ಮಾಡಾಂವ, ಬರದ ಇಟಗೊ."

"ಪ್ಲಾಟ್ ಅಲ್ಲ ಕಾಕು, ಪಂಚಾಯ್ತಿ ಎಲೆಕ್ಷನ್," ಎಂದಳು ನನ್ನ ಅವ್ವ. "ಹುಡುಗ್ರನ್ನ ಹಿಡದ್ರ ಮನಿ ಮಂದಿ ತಾವ ಬರ್ತಾರ."

ನಾನು ಎರಡನ್ನೂ ನಂಬರು ಹಾಕಿ ಬರೆದಿಟ್ಟುಕೊಂಡೆ. ಮಾಳಿಗೆಯ ಮೇಲೆ ನಿಂತು ಯಾರು ಎಷ್ಟಕ್ಕೆ ಬಂದರು, ಎಷ್ಟು ಸುತ್ತು ಓಡಿದರು ಎಂದು ಗುರುತು ಹಾಕಿಕೊಳ್ಳುವುದು ಆಗಲೇ ನನ್ನ ಚಟವಾಗಿತ್ತು. ಜುಲೈ ನಾಲ್ಕರಂದು ಮಾಸ್ತರರು ಕೆಳಗಿನಿಂದಲೇ ಕೂಗಿದರು.

"ಪದ್ಮಾ, ಮ್ಯಾಲ ನಿಂತ ಏನ ಬರ್ಯಾಕತ್ತಿ? ಕೆಳಗ ಬಂದ ಬರೀವಾ. ನನಗ ಓಡಸಾಕ ಬರ್ತೈತಿ, ಬರ್ಯಾಕ ಬ್ಯಾಸರ."

ಹಾಗೆ ನನ್ನ ದಿನಚರಿಯೇ ಆ ಹೊಲದ ರಿಜಿಸ್ಟರಾಯಿತು. ಮಾಸ್ತರರು ಕೊರಳಲ್ಲಿ ಸ್ಟಾಪ್‌ವಾಚ್ ಹಾಕಿಕೊಂಡು ಗೆರೆಯ ಬಳಿ ನಿಲ್ಲುತ್ತಿದ್ದರು. ಒಬ್ಬೊಬ್ಬರು ಮುಟ್ಟಿದಂತೆ ವೇಳೆ ಕೂಗುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ. ವೇಳೆಯ ಹಿಂದೆಯೇ ಒಂದು "ಭಲೇ" ಇದ್ದೇ ಇರುತ್ತಿತ್ತು. ಎಡವಿ ಬಿದ್ದವನಿಗೂ ಭಲೇ, ಕೊನೆಗೆ ಬಂದವನಿಗೂ ಭಲೇ. ಜುಲೈ ಒಂಬತ್ತರ ಒಂದೇ ಮುಂಜಾನೆ ನಲವತ್ತೊಂದು ಭಲೇಗಳನ್ನು ಎಣಿಸಿದೆ. ಇಷ್ಟು ಭಲೇಗಳನ್ನು ಒಬ್ಬ ಮನುಷ್ಯ ಸುಮ್ಮನೆ ಹಂಚುವುದಿಲ್ಲ ಎಂದು ಅದರ ಕೆಳಗೆ ಬರೆದೆ.

ಕೊನೆಗೆ ಬರುತ್ತಿದ್ದವನು ಸಾಮಾನ್ಯವಾಗಿ ಸಂಜು. ಕೃಷ್ಣೆಯ ಆಚೆ ರಾಯಬಾಗ ತಾಲೂಕಿನ ದಿಗ್ಗೇವಾಡಿಯವನು. ಅಪ್ಪ ಇಲ್ಲ. ಅವ್ವ ಕಂಡವರ ಕಬ್ಬಿನ ಹೊಲದಲ್ಲಿ ದುಡಿಯುವವಳು. ಕತ್ತಲಿರುವಾಗಲೇ ಎದ್ದು ಸೇತುವೆ ದಾಟಿ ಸೈಕಲ್ ತುಳಿದುಕೊಂಡು ಬರುತ್ತಿದ್ದ. ಸಂಜೆ ತನ್ನೂರಿನಲ್ಲಿ ಒಬ್ಬನೇ ಇನ್ನೊಮ್ಮೆ ಓಡುತ್ತಿದ್ದ. ಜುಲೈ ಕೊನೆಗೆ ಸೇತುವೆ ಮುಳುಗಿದ ಆರು ದಿನ ಬಿಟ್ಟರೆ ಅವನ ಹಾಜರಿ ಪೂರ್ತಿ. ಈ ಭರ್ತಿಯೇ ಅವನಿಗೆ ಕೊನೆಯದು. ಮುಂದಿನದು ಬರುವಷ್ಟರಲ್ಲಿ ವಯಸ್ಸು ಮೀರುತ್ತಿತ್ತು. ಊರ ಜಮೀನಿನ ಲೆಕ್ಕ ಬರೆದು ಉತಾರ ಕೊಡುವ ತಲಾಠಿಗೆ ಹೋಲಿಸಿ, ನನಗೆ 'ತಲಾಠಿ ಬಾಯಿ' ಎಂದು ಹೆಸರಿಟ್ಟವನೂ ಅವನೇ.

"ತಲಾಠಿ ಬಾಯಿ, ನಂದೊಂದ ಉತಾರ ಕೊಡ್ರಿ. ಮೊನ್ನಿಕಿಂತ ಎಷ್ಟ ಸೆಕೆಂಡ್ ಹೆಚ್ಚ ಜಮೀನ ಆಗೇತಿ ನೋಡೂಣು."

"ಜಮೀನ ಕಡಿಮಿ ಆದ್ರ ನಿನಗ ಚೊಲೊ," ಎನ್ನುತ್ತಿದ್ದೆ. ಅವನು ಸೊಂಟದ ಮೇಲೆ ಕೈಯಿಟ್ಟು, ಏದುಸಿರಿನ ನಡುವೆಯೇ ನಗುತ್ತಿದ್ದ. ಮೀನಖಂಡಕ್ಕೆ ತಿಕ್ಕಿದ ಮುಲಾಮಿನ ನೀಲಗಿರಿ ಘಾಟು ಅವನ ಜೊತೆಗೇ ಬರುತ್ತಿತ್ತು.

ಆಗಸ್ಟ್ ಎರಡನೆಯ ವಾರ ರಿಜಿಸ್ಟರು ತಿರುವಿ ಹಾಕುತ್ತಿದ್ದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಹನ್ನೊಂದು ಜನರ ವೇಳೆಯೂ ವಾರವಾರ ಇಳಿಯುತ್ತಲೇ ಇತ್ತು. ಮಳೆಯಲ್ಲಿ ನೆನೆದ ದಿನವೂ ಇಳಿದಿತ್ತು, ಜ್ವರ ಬಂದು ಎದ್ದ ಮರುದಿನವೂ ಇಳಿದಿತ್ತು. ಒಬ್ಬನೇ ಒಬ್ಬನ ವೇಳೆ ಒಂದೇ ಒಂದು ದಿನವೂ ಏರಿರಲಿಲ್ಲ. ಪ್ರಯೋಗಾಲಯದಲ್ಲಿ ಇಂಥ ಅಂಕಿ ಬಂದರೆ ನಮ್ಮ ಪ್ರೊಫೆಸರರು ಅದನ್ನು ಹರಿದು ಹಾಕಿ ಮತ್ತೆ ಮಾಡಿಸುತ್ತಿದ್ದರು.

ಆಗಸ್ಟ್ ಇಪ್ಪತ್ತೆರಡರಂದು ಮೊಬೈಲನ್ನು ರಿಜಿಸ್ಟರಿನ ಅಡಿ ಹಿಡಿದು ನಾನೇ ವೇಳೆ ನೋಡಿದೆ. ಎಲ್ಲರಿಗಿಂತ ಮುಂದೆ ಬರುವ ರಾಹುಲನ ವೇಳೆಯಲ್ಲಿ ನನಗೂ ಮಾಸ್ತರರಿಗೂ ವ್ಯತ್ಯಾಸವಿರಲಿಲ್ಲ. ನಡುವಿನವರಿಗೆ ನಾಲ್ಕು, ಐದು ಸೆಕೆಂಡು. ಸಂಜುನ ವೇಳೆ ಅವರು ಕೂಗಿದ್ದು ಆರು ಇಪ್ಪತ್ತೈದು. ನನ್ನ ಮೊಬೈಲಿನಲ್ಲಿ ಆರು ಮೂವತ್ತೆಂಟು.

"ಆರು ಇಪ್ಪತ್ತೈದು! ಭಲೇ ಸಂಜು, ಭಲೇ!"

ಸಂಜು ಮುರುಮಿನ ಮೇಲೆ ಅಂಗಾತ ಬಿದ್ದು ಆಕಾಶಕ್ಕೆ ಕೈ ಮುಗಿದ. ನಾನು ಶಾಯಿಯಲ್ಲಿ ಇಪ್ಪತ್ತೈದು ಎಂದು ಬರೆದು, ಪಕ್ಕಕ್ಕೆ ತೀರ ಸಣ್ಣದಾಗಿ ಪೆನ್ಸಿಲ್ಲಿನಲ್ಲಿ ಮೂವತ್ತೆಂಟು ಎಂದು ಬರೆದೆ. ನಿಜ ಹೇಳಬೇಕೆಂದರೆ, ಬರೆದದ್ದು ದುಃಖದಿಂದಲ್ಲ. ಕಳ್ಳ ಸಿಕ್ಕಿಬಿದ್ದ ಖುಷಿಯಿಂದ.

ಮರುದಿನವೇ ಹೇಳಬಹುದಿತ್ತು. ಆದರೆ ಒಂದು ದಿನದ ಅಂಕಿ ಪುರಾವೆಯಲ್ಲ ಎಂದುಕೊಂಡೆ. ಒಂದು ವಾರ ಬೇಕು, ಎರಡು ವಾರವಾದರೆ ಇನ್ನೂ ಗಟ್ಟಿ. ದಿನವೂ ಪೆನ್ಸಿಲ್ ಸಾಲು ಬೆಳೆಸಿದೆ. ಮಾಸ್ತರರು ಯಾರ ಜೊತೆ ಮಾತಾಡಿದರು, ಎಷ್ಟು ಹೊತ್ತು ಎಂಬುದನ್ನೂ ಬರೆಯತೊಡಗಿದೆ. ಆಗಸ್ಟ್ ಇಪ್ಪತ್ತೇಳರಂದು ಪಂಚಾಯ್ತಿ ಸದಸ್ಯನೊಬ್ಬ ಬೈಕು ನಿಲ್ಲಿಸಿ ಅವರೊಡನೆ ಎಂಟು ನಿಮಿಷ ಮಾತಾಡಿ ಹೋದ. ಅಂದು ಅವ್ವನ ಮಾತಿನ ಮುಂದೆ ಒಂದು ಗುರುತು ಹಾಕಿದೆ. ಸುಳ್ಳು ವೇಳೆ ಹೇಳಿ ಹುಡುಗರನ್ನು ಖುಷಿಪಡಿಸುವುದು, ಖುಷಿಯಾದವರ ಮನೆಯಿಂದ ಓಟು ಪಡೆಯುವುದು. ಎಲ್ಲ ಸರಿಯಾಗಿ ಕೂಡುತ್ತಿತ್ತು.

ಆಗಸ್ಟ್ ಮೂವತ್ತರಂದು ಸಂಜು ಸೈಕಲ್ ಹತ್ತುವ ಮೊದಲು ನನ್ನ ಬಳಿ ಬಂದ.

"ಇನ್ನ ಐದ ಸೆಕೆಂಡ್ ಕೈಯಾಗ ಅದಾವಲ್ಲ, ಸಂಜೀ ಓಟ ಬಿಟ್ಟೇನಿ. ಅವ್ವನ ಟೊಂಕಾ ಹಿಡದೈತಿ. ಆಕಿ ಜೋಡಿ ಕಬ್ಬಿನ ಕಳೇವಕ್ಕ ಹೊಂಟೇನಿ," ಎಂದ. ಆಮೇಲೆ ರಿಜಿಸ್ಟರಿನ ಕಡೆ ಕತ್ತು ಚಾಚಿದ. "ಬರೋಬರ್ ಬರದೀಯಲ್ಲ, ತಲಾಠಿ ಬಾಯಿ?"

ನಾನು ಪುಟದ ಮೇಲೆ ಅಂಗೈ ಇಟ್ಟೆ. "ಸರ್ ಹೇಳಿದ್ದ ಬರದೇನಿ," ಎಂದೆ.

ಆ ಉತ್ತರದಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅವನು ನಂಬಿ ಹೋದ.

ಅಷ್ಟರಲ್ಲಿ ನಮ್ಮ ಜೈನರ ದಶಲಕ್ಷಣ ಪರ್ವ ಬಂತು. ಹತ್ತು ದಿನ ಬಸದಿ, ಪೂಜೆ, ಉಪವಾಸ. ಮುಗಿದ ಮೇಲೆ ಕ್ಷಮಾವಣಿ. ಅಂದು ನಮ್ಮಲ್ಲಿ ಎಲ್ಲರೂ ಎಲ್ಲರ ಮನೆಗೆ ಹೋಗಿ ಕೈಮುಗಿದು ಕ್ಷಮೆ ಕೇಳುತ್ತಾರೆ. ದೊಡ್ಡವರು ಚಿಕ್ಕವರಿಗೂ ಕೈಮುಗಿಯುತ್ತಾರೆ. ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ ಎಂದು ಒಬ್ಬರು, ನಮ್ಮದೂ ಕ್ಷಮಿಸಿ ಎಂದು ಇನ್ನೊಬ್ಬರು. ಅರ್ಧ ನಿಮಿಷದ ಕೆಲಸ. ಹೆಚ್ಚಾಗಿ ಯಾರೂ ಯಾವ ತಪ್ಪನ್ನೂ ನೆನಪಿಸಿಕೊಳ್ಳುವುದಿಲ್ಲ. ಮುಂದಿನ ಮನೆಗೆ ಹೋಗುವ ಅವಸರದಲ್ಲಿರುತ್ತಾರೆ.

ಸೆಪ್ಟೆಂಬರ್ ಎಂಟು, ಬೆಳಿಗ್ಗೆ ಹತ್ತು ಗಂಟೆಗೆ ಜಿನ್ನಪ್ಪ ಮಾಸ್ತರರು ನಮ್ಮ ಮನೆಗೆ ಬಂದರು. ಅಪ್ಪನಿಗೆ, ಅವ್ವನಿಗೆ ಕೈಮುಗಿದು ನನ್ನ ಕಡೆ ತಿರುಗಿದರು.

"ತಿಳದೋ ತಿಳೀದನೋ ನನ್ನಿಂದ ತಪ್ಪಾಗಿದ್ರ ಕ್ಷಮಾ ಮಾಡವಾ, ಪದ್ಮಾ."

"ಯಾವ ತಪ್ಪಿಗೆ, ಸರ್?" ಎಂದೆ ನಾನು.

ಆ ದಿನ ಹಾಗೆ ಮರುಪ್ರಶ್ನೆ ಹಾಕಿದವರನ್ನು ನಮ್ಮೂರಿನಲ್ಲಿ ಯಾರೂ ಕಂಡಿರಲಿಕ್ಕಿಲ್ಲ. ಅವ್ವ ಒಳಗಿನಿಂದ "ಏ ಹುಚ್ಚಿ!" ಎಂದು ಗದರಿದಳು. ಅಪ್ಪ ಕೆಮ್ಮಿದರು. ನಾನು ಒಳಗೆ ಹೋಗಿ ರಿಜಿಸ್ಟರು ತಂದು ಅವರ ಮುಂದೆ ತೆರೆದಿಟ್ಟೆ.

ಮಾಸ್ತರರು ಕನ್ನಡಕ ಹಾಕಿಕೊಂಡು ಎರಡೂ ಸಾಲುಗಳನ್ನು ಓದಿದರು. ಬೆರಳಿಟ್ಟು, ಒಂದೊಂದೇ ಪುಟ. ನಾನು ನೆಪಗಳಿಗೆ ಕಾಯುತ್ತಿದ್ದೆ. ವಾಚು ಹಳೆಯದು ಎನ್ನಬಹುದು, ನಿನ್ನ ಮೊಬೈಲು ಸರಿಯಿಲ್ಲ ಎನ್ನಬಹುದು.

"ಬರೋಬರ್ ಐತಿ," ಎಂದರು. "ಪೆನ್ಸಿಲ್ಲಿಂದ ಖರೇ."

"ಎಲೆಕ್ಷನ್ನಿಗೆ ನಿಂದರ್ತೀರೇನ್ರಿ?" ಎಂದು ಕೇಳಿಯೇಬಿಟ್ಟೆ.

ಅವರು ತಲೆಯೆತ್ತಿ ನೋಡಿದರು. "ಎಲೆಕ್ಷನ್? ಇಲ್ಲವಾ. ಸಾಲಿಯೊಳಗ ಇದ್ದಾಗ ಎಷ್ಟೋ ಹುಡುಗ್ರಿಗೆ ಮಾರಿ ಮ್ಯಾಲ ಅಂದೇನಿ, ನಿನ್ನ ಕೈಲೆ ಆಗೂದಿಲ್ಲ, ಮನಿಗೆ ಹೋಗಂತ. ಹೋದಾವ. ತಿರಗಿ ಬರಲಿಲ್ಲ. ಈ ಸಲ ಒಬ್ಬರಿಗೂ ಹಂಗ ಅನಬಾರದಂತ ಇದ್ದೆ. ಹುರುಪ ಬರ್ಲಿ, ಹುರುಪಿನಾಗ ಕಾಲ ತಾವ ಓಡ್ತಾವಂತ. ಒಂದ ಸೆಕೆಂಡಿಂದ ಚಾಲೂ ಆತು. ಆಮ್ಯಾಲ ಹಿಂದ ಸರಿಯಾಕ ಬರಲಿಲ್ಲ."

ಇದೂ ಸುಳ್ಳಿರಬಹುದು ಎಂದು ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ಮತ್ತೆ ಮೊದಲ ಪೆನ್ಸಿಲ್ ಪುಟಕ್ಕೆ ಹೋದರು.

"ಇಪ್ಪತ್ತೆರಡಕ್ಕ ನಿನಗ ಗೊತ್ತಾಗೇತಿ. ಇವತ್ತಿಗೆ ಹದಿನೆಂಟ ದಿನ. ಸಂಜುಗ ಹೇಳಿದೇನ?"

ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಕೇಳುವ ದನಿ ಅಷ್ಟೇ. ಹದಿನೆಂಟು ದಿನ ನಾನು ಮಾಸ್ತರರನ್ನು ಹಿಡಿಯುವುದರಲ್ಲಿದ್ದೆ. ಓಡುವವನ ನೆನಪು ನನಗೆ ಒಮ್ಮೆಯೂ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಮಾಸ್ತರರು ಹನ್ನೊಂದು ಜನರನ್ನೂ ಗೆರೆಯ ಮೇಲೆ ನಿಲ್ಲಿಸಿದರು. ಅವರು ಏನಾದರೊಂದು ಚಂದದ ಮಾತು ಹೇಳಿ ಜಾರಿಕೊಳ್ಳುತ್ತಾರೆ ಎಂದೇ ನನ್ನ ಎಣಿಕೆ. ಅವರು ಒಬ್ಬೊಬ್ಬನ ಮುಂದೆ ನಿಂತು, ಕೈಮುಗಿದು, ಹೆಸರು ಹಿಡಿದು, ಸೆಕೆಂಡು ಹೇಳಿ ಕ್ಷಮೆ ಕೇಳಿದರು. "ಮಹಾವೀರ, ನಾಲ್ಕ ಸೆಕೆಂಡ್. ಕ್ಷಮಾ ಮಾಡು. ಇಮ್ರಾನ್, ಐದ ಸೆಕೆಂಡ್. ಕ್ಷಮಾ ಮಾಡು." ಅವರಲ್ಲಿ ನಮ್ಮವರು ನಾಲ್ಕೇ ಜನ. ಉಳಿದವರಿಗೆ ಇದೇನೆಂದೇ ತಿಳಿಯಲಿಲ್ಲ. ಒಬ್ಬ ನಕ್ಕ. ಇಮ್ರಾನ್ ಬೂಟಿನಿಂದ ಮುರುಮು ಒದ್ದು ಕೇಳಿದ, "ಹಂಗಾರ ನಾ ಓಡಿದ್ದು ಸುಳ್ಳೇನ್ರಿ ಸರ್?"

"ಓಡಿದ್ದು ಖರೇನ. ನಾ ಹೇಳಿದ್ದು ಸುಳ್ಳು."

ಸಂಜುನ ಮುಂದೆ ಬಂದಾಗ ಮಾಸ್ತರರ ದನಿ ಇಳಿಯಿತು. "ಹದಿಮೂರ ಸೆಕೆಂಡ್. ನೀ ಇನ್ನೂ ಆರು ಮೂವತ್ತೆಂಟಕ್ಕ ಇದ್ದಿ."

ಮುಂದಿನ ಸರದಿ ನನ್ನದೆಂದು ನನಗೆ ಗೊತ್ತಿತ್ತು. ರಿಜಿಸ್ಟರು ಎದೆಗೆ ಹಿಡಿದುಕೊಂಡೇ, ಇಪ್ಪತ್ತೆರಡನೇ ತಾರೀಕಿನಿಂದ ನನಗೆ ಗೊತ್ತಿತ್ತು ಎಂದು ಹೇಳಿದೆ.

"ನಾ ನಿನ್ನ ಕೇಳಿದ್ದೆ," ಎಂದ ಸಂಜು.

"ಹೌದು."

"ಕೇಳಿದ್ದೆ ನಾ," ಎಂದು ಮತ್ತೊಮ್ಮೆ ಅಂದು ಸೈಕಲ್ ಕಡೆ ನಡೆದ.

ಅಂದು ಮೂವರು ಬಿಟ್ಟುಹೋದರು. ಸಂಜುನೂ ಹೋದನೆಂದೇ ಬರೆದಿದ್ದೆ. ಮರುದಿನ ಆರಕ್ಕೆ ಐದು ನಿಮಿಷವಿದ್ದಾಗ ಅವನು ಬಂದದ್ದನ್ನು ಕಂಡು ಆ ಸಾಲು ಹೊಡೆದುಹಾಕಿದೆ. ನನ್ನೊಡನೆ ಮಾತಾಡಲಿಲ್ಲ. ಮಾಸ್ತರರ ಕೊರಳಿನ ವಾಚಿಗೆ ಕೈ ತೋರಿಸಿ, "ಅದನ್ನ ಎಲ್ಲಾರಿಗೂ ಕಾಣೂಹಂಗ ಹಿಡೀರಿ ಸರ್," ಎಂದ. ಅವರು ಹಾಗೆಯೇ ಹಿಡಿದರು.

ಪರೀಕ್ಷೆ ಅಕ್ಟೋಬರ್ ಮೂರಕ್ಕೆ. ಉಳಿದದ್ದು ಇಪ್ಪತ್ತನಾಲ್ಕು ದಿನ. ಮಾಸ್ತರರು ವೇಳೆ ಕೂಗಿ, ನನ್ನ ಕಡೆ ತಿರುಗಿ "ನಿಂದೆಷ್ಟ ಬಂತು?" ಎಂದು ಎಲ್ಲರೆದುರೇ ಕೇಳುತ್ತಿದ್ದರು. ನಾನೂ ಕೂಗಿ ಹೇಳುತ್ತಿದ್ದೆ. ವ್ಯತ್ಯಾಸ ಸೊನ್ನೆ, ಸೊನ್ನೆ, ಸೊನ್ನೆ. ಆದರೂ ಮೊದಲ ವಾರವೆಲ್ಲ ಆ ಸೊನ್ನೆಗಳನ್ನು ನಾನು ನಂಬಲಿಲ್ಲ. ಅವರ ಭಲೇ ನಿಂತಿರಲಿಲ್ಲ, ಆದರೆ ಅದರ ಹಿಂದೆ ಈಗ ಕಾರಣ ಬರುತ್ತಿತ್ತು. "ಆರು ಮೂವತ್ತೊಂಬತ್ತು. ನಿನ್ನಿಕಿಂತ ಒಂದ ಹೆಚ್ಚ. ಆದ್ರ ಮೂರನೇ ಸುತ್ತ ನೀ ಬಿಟ್ಟಕೊಡಲಿಲ್ಲ, ಅದಕ್ಕ ಭಲೇ." ಅರವತ್ತು ದಾಟಿದ ಮನುಷ್ಯ ಸಂಜುನ ಮೂರನೆಯ ಸುತ್ತಿನಲ್ಲಿ ಧೋತರ ಎತ್ತಿ ಕಟ್ಟಿಕೊಂಡು ಅರ್ಧ ಸುತ್ತು ಜೊತೆಗೇ ಓಡುತ್ತಿದ್ದರು. ಬಿದ್ದೂ ಬಿದ್ದರು, ಎರಡು ಸಲ. ಸಂಜು ಸಂಜೆಯ ಓಟ ಮತ್ತೆ ಶುರು ಮಾಡಿದ. ಮೂವತ್ತೇಳು, ಮೂವತ್ತೈದು, ಮೂವತ್ತಾರು, ಮೂವತ್ತನಾಲ್ಕು. ಕೊನೆಯ ದಿನ ಆರು ಮೂವತ್ತಮೂರು.

ಅಕ್ಟೋಬರ್ ಮೂರರ ಮಧ್ಯಾಹ್ನ ಒಂದೂ ನಲವತ್ತಕ್ಕೆ ಬೆಳಗಾವಿಯಿಂದ ಅವನ ಫೋನು ನನಗೇ ಬಂತು. ಇಪ್ಪತ್ತನಾಲ್ಕು ದಿನಗಳ ಮೇಲೆ ನನ್ನೊಡನೆ ಅವನ ಮೊದಲ ಮಾತು.

"ಬರಕೊ. ಆರು ಮೂವತ್ತೆರಡು."

ನಾನು ಬರೆಯಲಿಲ್ಲ. ಫೋನು ಹಿಡಿದುಕೊಂಡೇ ಹಿತ್ತಲಿನಿಂದ ಹೊಲಕ್ಕೆ ಓಡಿ ಮಾಸ್ತರರ ಕೈಗೆ ಕೊಟ್ಟೆ. ಅವರು ಕೇಳಿಸಿಕೊಂಡರು. ಆಮೇಲೆ, "ಅವ್ವಗ ಹೇಳೀಯೇನಪಾ?" ಎಂದರು.

"ಇಲ್ರಿ. ನನಗ ಬಾಯಿ ಬರೂದಿಲ್ಲ."

"ನಾ ಹೋಗಿ ಹೇಳಲೇನ? ನೀ ಮನಿ ಮುಟ್ಟೂದ್ರಾಗ?"

ಆ ಕಡೆಯಿಂದ, "ಹೋಗ್ರಿ ಸರ್," ಎಂದು ಬಂತು.

ನಾನೂ ಹೊರಟೆ. ಅವರು ಕರೆದಿರಲಿಲ್ಲ. ಬಸ್ಸಿನ ಕಿಟಕಿಯ ಪಕ್ಕ ಕುಳಿತು ಲೆಕ್ಕ ಹಾಕಿದೆ. ಇಪ್ಪತ್ತನಾಲ್ಕು ದಿನದಲ್ಲಿ ಆರು ಸೆಕೆಂಡು ಇಳಿದಿದ್ದಾನೆ, ಅಂದರೆ ನಾಲ್ಕು ದಿನಕ್ಕೊಂದು. ನಾನು ಬಚ್ಚಿಟ್ಟ ಹದಿನೆಂಟು ದಿನಕ್ಕೆ ನಾಲ್ಕೂವರೆ. ಅವನಿಗೆ ಬೇಕಾಗಿದ್ದದ್ದು ಎರಡು. ಮತ್ತೆ ಮತ್ತೆ ಭಾಗಿಸಿದರೂ ಉತ್ತರ ಬದಲಾಗಲಿಲ್ಲ. ಪಕ್ಕದ ಸೀಟಿನಲ್ಲಿ ಮಾಸ್ತರರು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು. ಆ ತಾಯಿಯೆದುರು ಹೇಳಲು ಸಿಹಿ ಮಾತು ಹೊಂದಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಹುಡುಗ ಚೊಲೊ ಓಡಿದ, ನಸೀಬ ಇರಲಿಲ್ಲ ಎನ್ನುತ್ತಾರೆ. ಹಾಗೆಂದರೆ ಅಲ್ಲಿಯೇ ತಡೆಯಬೇಕು ಎಂದು ಗಟ್ಟಿ ಮಾಡಿಕೊಂಡೆ.

ಕುಡಚಿಯಲ್ಲಿ ಬಸ್ಸು ಬದಲಿಸಿ ದಿಗ್ಗೇವಾಡಿ ಮುಟ್ಟಿದಾಗ ಐದೂವರೆ. ಸಂಜುನ ಅವ್ವ ಆಗತಾನೇ ಹೊಲದಿಂದ ಬಂದು ಕೈಕಾಲು ತೊಳೆಯುತ್ತಿದ್ದಳು. ಒಂದೇ ಖೋಲಿಯ ಮನೆ, ಗೋಡೆಯ ಮೇಲೆ ಬುದ್ಧನ ಪಟ. ಮಾಸ್ತರರನ್ನು ನೋಡಿದ್ದೇ ಅವಳಿಗೆ ತಿಳಿದುಹೋಯಿತು.

"ಆಗಲಿಲ್ಲೇನ್ರಿ?"

"ಇಲ್ಲವಾ. ಎರಡ ಸೆಕೆಂಡಿಗೆ ಹೋತು. ಅಂವ ಕಡಿಮಿ ಬೀಳಲಿಲ್ಲ. ಅಂವ ಮುಂದದಾನಂತ ನಾನ ಸುಳ್ಳ ಹೇಳಿದೆ. ಅದನ್ನ ನಂಬಿ ಸಂಜೀ ಓಟ ಬಿಟ್ಟ. ನಾ ಖರೇ ಹೇಳಿದ್ರ ಇವತ್ತ ಆಕ್ಕಿತ್ತು. ತಪ್ಪ ನಂದು."

ಅಷ್ಟೇ ಹೇಳಿದರು. ಹುರುಪಿನ ಮಾತಿಲ್ಲ, ನಸೀಬದ ಮಾತಿಲ್ಲ. ನನ್ನ ಹದಿನೆಂಟು ದಿನದ ಸುದ್ದಿಯನ್ನೂ ಎತ್ತಲಿಲ್ಲ. ಎತ್ತಿ ಅರ್ಧ ಭಾರ ನನ್ನ ಮೇಲೆ ಹಾಕುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅವರು ನನ್ನ ಕಡೆ ನೋಡಲೂ ಇಲ್ಲ.

"ನಂದೂ ಐತ್ರಿ, ಮಾವಶಿ," ಎಂದೆ. "ಸುಳ್ಳಂತ ನನಗ ಗೊತ್ತಿತ್ತು. ಹದಿನೆಂಟ ದಿನ ಹೇಳಲಿಲ್ಲ."

ಅವಳು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಮ್ಮಿಬ್ಬರನ್ನೂ ನೋಡಿದಳು.

"ಬಂದ ಹೇಳಿದ್ರಿ. ಬರೋಬರ್. ಬರದಿದ್ರೂ ನಾ ಕೇಳಾಕ ಬರ್ತಿದ್ದಿಲ್ಲ," ಎಂದಳು. "ಆದ್ರ ಆ ಎರಡ ಸೆಕೆಂಡ ನಾ ಎಲ್ಲಿಂದ ತರಲ್ರಿ, ಮಾಸ್ತರ?"

ಮಾಸ್ತರರು ತಲೆ ತಗ್ಗಿಸಿ ಹೊಸ್ತಿಲ ಹೊರಗೇ ನಿಂತಿದ್ದರು.

ಅವಳು ಪಡುವಣಕ್ಕೆ ಒಮ್ಮೆ ನೋಡಿದಳು. ಕಬ್ಬಿನ ಸೂಲಂಗಿಗಳ ಮೇಲೆ ಸೂರ್ಯ ಕೆಂಪಗೆ ಇಳಿಯುತ್ತಿದ್ದ. ಜೈನರ ಹೊಲಗಳಲ್ಲಿ ದುಡಿದವಳಿಗೆ ನಮ್ಮವರ ಊಟದ ವೇಳೆ ಗೊತ್ತಿತ್ತು.

"ಹೊತ್ತ ಮುಳುಗಿದ್ರ ನೀವ ಉಣ್ಣೂದಿಲ್ಲ. ಮನಿ ಮುಟ್ಟೂತನಾ ರಾತ್ರಿ ಆಕ್ಕೈತಿ," ಎಂದವಳೇ ಒಳಗೆ ಹೋಗಿ ಮನೆಯಲ್ಲಿದ್ದ ಎರಡೇ ತಾಟು ತಂದಳು. "ಹೆಸರಕಾಳ ಪಲ್ಲೆ. ಉಳ್ಳಾಗಡ್ಡಿ ಬೆಳ್ಳೊಳ್ಳಿ ಹಾಕಿಲ್ಲ. ಒಳಗ ಬರ್ರಿ, ಲಗೂನ ಕೂಡ್ರಿ."

ನಮ್ಮ ಓಣಿಯ ಎಷ್ಟು ಜನ ದಲಿತ ಕೇರಿಯ ಈ ಹೊಸ್ತಿಲು ದಾಟಿ ಉಂಡಾರು ಎಂದು ನನ್ನೊಳಗಿನ ತಲಾಠಿ ಆಗಲೂ ಎಣಿಸುತ್ತಿದ್ದಳು. ಹಸಿವಿಲ್ಲ ಎನ್ನುತ್ತಾರೆಯೇ, ಬಸ್ಸಿನ ನೆಪ ತೆಗೆಯುತ್ತಾರೆಯೇ ಎಂದು ಮಾಸ್ತರರ ಮುಖ ನೋಡಿದೆ.

ಅವರು ಚಪ್ಪಲಿ ಬಿಟ್ಟು ಒಳಗೆ ಬಂದು ಗೋಡೆಗೆ ಆತು ಕುಳಿತರು. ರೊಟ್ಟಿ ಮುರಿದರು. ಒಂದು ಮುಗಿದ ಮೇಲೆ ಅವಳು ಕೇಳದೆಯೇ ಇನ್ನೊಂದು ಹಾಕಿದಳು, ಅವರು ಬೇಡವೆನ್ನಲಿಲ್ಲ. ನಾನೂ ಉಂಡೆ. ನಾವು ಕೈ ತೊಳೆಯುವ ಹೊತ್ತಿಗೆ ಅಂಗಳದಲ್ಲಿ ಸಂಜು ಬಂದು ನಿಂತಿದ್ದ. ಅವನ ಅವ್ವ ನಾನುಂಡ ತಾಟನ್ನೇ ತೊಳೆದು, ಅದರಲ್ಲಿ ಅವನಿಗೆ ಬಡಿಸಿದಳು.